ಹುಳ ಇನ್ನೂ ಸಿಕ್ಕಿಲ್ಲ

೯ ಫೆಬ್ರವರಿ

ಸೊಸೆಗೆ,

ಎರಡು ತಿಂಗಳಾದ ಮೇಲೆ ನಿನ್ನ ಕಾಗದ ಬಂತು. ಕೈ ತೊಳೆದು, ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು ಬಿಚ್ಚಿದೆ. ಒಳಗೆ ಹುಳ.

ನನ್ನ ಮಗ ಸತ್ತ ಮೇಲೆ ಅವನ ಹೆಂಡತಿ ನನಗೆ ಬರೆದ ಮೊದಲ ಕಾಗದದಲ್ಲಿ ಒಂದು ಪುಟ ಹುಳದ ವಿಷಯ, ಒಂದು ಸಾಲು ನನ್ನ ಮಂಡಿನೋವಿನ ವಿಷಯ. ಮಂಡಿ ಹಾಗೇ ಇದೆ. ಹುಳದ ವಿಷಯದಲ್ಲಿ ನನಗೆ ಅರ್ಥವಾದದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ನಾನು ಹೈಸ್ಕೂಲು ದಾಟಿದವಳಲ್ಲ, ಆದರೆ ಓದಿದ್ದನ್ನು ಮರೆತವಳೂ ಅಲ್ಲ.

ಹೋದ ವರ್ಷ ಅವನು ಬಂದಾಗ ನಾವು ಸಮುದ್ರದಲ್ಲಿ ಇಳಿಬಿಟ್ಟು ಚಿಪ್ಪು ಬೆಳೆಸುವ ಹಗ್ಗಗಳನ್ನು ಶೆಡ್ಡಿಗೆ ತಂದು ಹಾಕಿದ್ದಾಗ, ಚಿಪ್ಪಿನ ಗೊಂಚಲುಗಳ ನಡುವೆ, ರಿಬ್ಬನ್ನಿನ ಹಾಗೆ ಉದ್ದನೆಯ ಎರಡು ರಿಬ್ಬನ್ ಹುಳ ಹಿಡಿದ. ಒಂದು ದಾರಿಯಲ್ಲೇ ತುಂಡುತುಂಡಾಯಿತು. ಇನ್ನೊಂದು ನಿಮ್ಮ ಮ್ಯೂಸಿಯಮ್ಮಿನಲ್ಲಿ ಸ್ಪಿರಿಟ್ಟಿನ ಬಾಟಲಿಯೊಳಗಿದೆ. ಇದುವರೆಗೆ ಯಾರೂ ಹೆಸರಿಡದ ಜಾತಿ ಅದು ಎಂದು ಅವನಿಗೆ ಅನಿಸಿತ್ತು. ಆದರೆ ಸ್ಪಿರಿಟ್ಟಿಗೆ ಬಿದ್ದ ಮೇಲೆ ಬಣ್ಣ ಬಿಟ್ಟುಹೋಗಿ, ಮುದುಡಿ, ಹಳೆಯ ಬೂಟಿನ ಲೇಸಿನ ಹಾಗಾಗಿದೆ. ಜೀವಂತವಿರುವಾಗಲೇ ನೋಡಿ ಅದರ ಬಣ್ಣ, ತಲೆ, ಕಣ್ಣು ಬರೆದಿಡದಿದ್ದರೆ ಹೊಸ ಜಾತಿ ಎಂದು ಯಾರೂ ಒಪ್ಪುವುದಿಲ್ಲ. ಬರೆದಿಡುವ ಮೊದಲೇ ಅವನು ಹೋದ. ಈಗ ನಿನಗೆ ಜೀವಂತ ಹುಳ ಬೇಕು, ಅದು ನನ್ನ ಶೆಡ್ಡು ಬಿಟ್ಟು ಬೇರೆಲ್ಲೂ ಕಂಡಿಲ್ಲ. ಇಷ್ಟೇ ತಾನೇ?

ಚಿಕ್ಕವನಿದ್ದಾಗಲೂ ಅವನದು ಇದೇ ಕತೆ. ಜೇಬಿನಲ್ಲಿ ಏನೋ ಹರಿದಾಡುತ್ತಿರುತ್ತಿತ್ತು. "ಹುಳ ಹಿಡಿಯೋನಿಗೆ ಯಾರೋ ಹೆಣ್ಣು ಕೊಡ್ತಾರೆ" ಎಂದು ಬೈಯುತ್ತಿದ್ದೆ. ಕೊಟ್ಟರು. ಬಂದವಳೂ ಹುಳದವಳೇ.

ಹುಡುಕಿಸುತ್ತೇನೆ. ಅವನ ಕೆಲಸ ಅರ್ಧಕ್ಕೆ ನಿಲ್ಲಬಾರದು. ನಮ್ಮ ಮನೆಯಲ್ಲಿ ಕೈಗೆತ್ತಿಕೊಂಡದ್ದನ್ನು ಬಿಟ್ಟವರಿಲ್ಲ.

ಫೋನ್ ಮಾಡಬೇಡ. ಫೋನಿನಲ್ಲಿ ನನಗೆ ಜಗಳವಷ್ಟೇ ಬರುತ್ತದೆ.

ಮೇಲೆ ಸೊಸೆಗೆ ಎಂದು ಬರೆದಿದ್ದೇನೆ. ಅವನು ಹೋದ ಮೇಲೆ ಆ ಪದ ನಡೆಯುತ್ತದೋ ಇಲ್ಲವೋ, ಯಾರನ್ನು ಕೇಳಬೇಕೋ ತಿಳಿಯಲಿಲ್ಲ.

ಅತ್ತೆ


೨೦ ಫೆಬ್ರವರಿ

ಅತ್ತೆಯವರಿಗೆ ನಮಸ್ಕಾರ.

ಆ ಪದ ನಡೆಯುತ್ತದೆ. ನೀವು ಬೇರೆ ಏನಾದರೂ ಬರೆದಿದ್ದರೆ ನನಗೆ ಕಷ್ಟವಾಗುತ್ತಿತ್ತು.

ಈ ಎರಡು ತಿಂಗಳಲ್ಲಿ ನಾನು ನಿಮಗೆ ಬರೆಯಲು ಕೂತೇ ಇಲ್ಲ ಎಂದಲ್ಲ. ಕೂತಾಗಲೆಲ್ಲ ಮೊದಲ ಸಾಲಿನಲ್ಲೇ ನಿಮ್ಮ ಮಗನ ಹೆಸರು ಬರುತ್ತಿತ್ತು, ಅಲ್ಲಿಂದ ಮುಂದೆ ಪೆನ್ನು ಓಡುತ್ತಿರಲಿಲ್ಲ. ಹುಳದ ವಿಷಯವಾದರೆ ಓಡುತ್ತದೆ ಎಂದು ಆಮೇಲೆ ಗೊತ್ತಾಯಿತು. ನಿಮಗೆ ಬೇಸರವಾದದ್ದು ಸರಿಯೇ.

ನೀವು ತಿಳಿದುಕೊಂಡದ್ದರಲ್ಲಿ ತಪ್ಪಿಲ್ಲ. ಒಂದು ಮಾತು ಸೇರಿಸುತ್ತೇನೆ. ನಮ್ಮ ವಿಭಾಗದ ಹಿರಿಯರನ್ನು ನಾವೆಲ್ಲ ಬೆನ್ನ ಹಿಂದೆ ಭೂತಗನ್ನಡಿ ಎನ್ನುತ್ತೇವೆ. ಊಟಕ್ಕೆ ಕೂತಾಗಲೂ ಅದು ಅವರ ಕುತ್ತಿಗೆಯಲ್ಲಿ ನೇತಾಡುತ್ತಿರುತ್ತದೆ. ಅವರು ನನ್ನನ್ನು ಕರೆದು ಹೇಳಿದರು: "ಜೀನು ಪರೀಕ್ಷೆ ಇದು ಬೇರೆ ಅನ್ನುತ್ತೆ, ಸರಿ. ಆದರೆ ನೂರು ವರ್ಷದ ಹಿಂದಿನೋರು ಬಣ್ಣ ನೋಡಿಯೇ ಹೆಸರಿಟ್ಟಿದಾರಲ್ಲಮ್ಮ. ಅವರ ಹುಳ ಒಂದೂ ಬಾಟಲಿಯಲ್ಲಿ ಉಳಿದಿಲ್ಲ, ಬರೆದಿಟ್ಟ ಬಣ್ಣ ಮಾತ್ರ ಉಳಿದಿದೆ. ನಿನ್ನ ಹುಳದ ಬಣ್ಣ ನಿನಗೇ ಗೊತ್ತಿಲ್ಲ. ಅದೇ ಇದಲ್ಲ ಅಂತ ಹೇಗೆ ಹೇಳ್ತೀಯ?"

ನಿಮ್ಮ ಮಗ ಬಾಯಲ್ಲಿ ಹೇಳಿದ್ದಿಷ್ಟು: ಒಣಗಿದ ರಕ್ತದಂಥ ಬಣ್ಣ, ಬೆನ್ನ ಮೇಲೆ ಬಿಳಿ ಗೆರೆ. ಗೆರೆ ಬಾಲದ ತನಕ ಹೋಗುತ್ತದೋ ನಡುವೆ ನಿಲ್ಲುತ್ತದೋ ನಾನು ಕೇಳಲಿಲ್ಲ. ಕೇಳಲು ಬೇಕಾದಷ್ಟು ಹೊತ್ತಿದೆ ಅಂದುಕೊಂಡಿದ್ದೆ.

ನಿಮ್ಮ ಮಗನ ಸೂಕ್ಷ್ಮದರ್ಶಕ ಈಗ ನನ್ನ ಮೇಜಿನ ಮೇಲಿದೆ. ಎರಡು ಕಣ್ಣಿನಲ್ಲೂ ನೋಡುವಂಥದ್ದು. ನೋಡುವವರ ಕಣ್ಣುಗಳ ನಡುವಿನ ಅಂತರಕ್ಕೆ ಸರಿಯಾಗಿ ಅದರ ಎರಡು ಕೊಳವೆಗಳನ್ನು ಹತ್ತಿರ ತರಬೇಕು ಇಲ್ಲವೇ ದೂರ ಸರಿಸಬೇಕು. ಅದು ಅವರ ಅಳತೆಯಲ್ಲೇ ಇದೆ. ನನ್ನ ಕಣ್ಣಿಗೆ ಎರಡು ಬೇರೆಬೇರೆ ಚಿತ್ರ ಕಾಣುತ್ತವೆ. ಹಾಗಾಗಿ ಒಂದು ಕಣ್ಣು ಮುಚ್ಚಿಕೊಂಡು ಕೆಲಸ ಮಾಡುತ್ತೇನೆ.

ಹುಳ ಕಂಡರೆ ಕೈಯಲ್ಲಿ ಹಿಡಿಯಬೇಡಿ. ಗಾಬರಿಯಾದರೆ ಅದು ತನ್ನನ್ನು ತಾನೇ ತುಂಡರಿಸಿಕೊಳ್ಳುತ್ತದೆ. ಚಮಚದಿಂದ ನೀರಿನ ಸಮೇತ ಎತ್ತಿ ಫ್ಲಾಸ್ಕಿನಲ್ಲಿ ಬಿಟ್ಟು ಕಳಿಸಿ. ಕಳಿಸುವ ಖರ್ಚು ಮ್ಯೂಸಿಯಮ್ಮಿನದು.

ನಿಮ್ಮ ಸೊಸೆ


೮ ಮಾರ್ಚ್

ಸೊಸೆಗೆ,

ಮೊದಲು ಆ ಯಂತ್ರವನ್ನು ನಿನ್ನ ಕಣ್ಣಿಗೆ ಸರಿಮಾಡಿಕೋ. ಇರುವುದು ಎರಡೇ ಕಣ್ಣು. ಒಂದನ್ನು ಹಾಳುಮಾಡಿಕೊಂಡು ಕೂತರೆ ನೋಡಿಕೊಳ್ಳಲು ಅಲ್ಲಿ ಯಾರಿದ್ದಾರೆ? ಅವನ ಬೂಟು ಹಾಕಿಕೊಂಡು ನಡೆದರೆ ಅವನು ವಾಪಸು ಬರುತ್ತಾನೆಯೇ? ಇದನ್ನು ನಾನು ಎರಡು ಸಲ ಹೇಳುವುದಿಲ್ಲ.

ಹುಳ ಸಿಕ್ಕಿತ್ತು. ಈಗ ಇಲ್ಲ.

ನಡೆದದ್ದು ಹೀಗೆ. ತೆಪ್ಪದಿಂದ ಹಗ್ಗ ಎಳೆದು ಶೆಡ್ಡಿಗೆ ಹಾಕಿದಾಗ ಹೆಂಗಸರೆಲ್ಲ ಸುತ್ತ ಕೂತು ಗೊಂಚಲು ಬಿಡಿಸುತ್ತಾರಲ್ಲ, ಅವರಲ್ಲಿ ಒಬ್ಬಳಿಗೆ ನಾವು ಗಂಟೆ ಎನ್ನುತ್ತೇವೆ, ಅವಳ ಬಾಯಿ ನಿಂತದ್ದನ್ನು ನಾನು ಕಂಡಿಲ್ಲ. ಅವಳೇ ಕೂಗಿದಳು, "ಅಮ್ಮಾವ್ರೇ, ನಿಮ್ಮ ಸೊಸೆ ಹುಳ" ಎಂದು. ಚಮಚದಲ್ಲೇ ಎತ್ತಿದೆ. ಮೈತುಂಬ ಕೆಸರು, ಲೋಳೆ. ನಮ್ಮ ಶೆಡ್ಡಿನಿಂದ ತೊಳೆಯದ ಸಾಮಾನು ಹೊರಗೆ ಹೋದದ್ದಿಲ್ಲ. ನಾನು ಇಲ್ಲಿ ಕಾಲಿಟ್ಟ ದಿನದಿಂದ ಅದು ಕಟ್ಟಳೆ. ಅದೂ ಮ್ಯೂಸಿಯಮ್ಮಿಗೆ ಹೋಗುವಂಥದ್ದು, ಅವನ ಹೆಸರಿನಲ್ಲಿ ಹೋಗುವಂಥದ್ದು. ಒಳ್ಳೆಯ ನಲ್ಲಿ ನೀರಿನಲ್ಲಿ ಮೆಲ್ಲಗೆ ತೊಳೆದೆ.

ಕಣ್ಣೆದುರಿಗೇ ಊದಿತು. ಸುರುಳಿ ಸುತ್ತಿಕೊಂಡಿತು, ತುಂಡಾಯಿತು, ತುಂಡು ಮತ್ತೆ ತುಂಡಾಯಿತು. ಕೊನೆಗೆ ತಟ್ಟೆಯಲ್ಲಿ ಲೋಳೆ ಬಿಟ್ಟರೆ ಏನೂ ಉಳಿಯಲಿಲ್ಲ.

"ಸ್ನಾನ ಮಾಡಿಸಿ ಕಳಿಸೋಕೆ ಅದೇನು ಮದುಮಗಳಾ ಅಮ್ಮಾವ್ರೇ?" ಎಂದಳು ಗಂಟೆ. ನಾನು ಬೆನ್ನು ತಿರುಗಿಸುವ ತನಕ ಯಾರೂ ನಗಲಿಲ್ಲ, ಅಷ್ಟು ಮರ್ಯಾದೆ ಇನ್ನೂ ಇದೆ.

ನಿನ್ನ ಹುಳ ಬಹಳ ನಾಜೂಕು. ಇನ್ನೊಂದು ಹುಡುಕಿಸುತ್ತೇನೆ. ಸಿಕ್ಕಿದರೆ ಅದಕ್ಕೆ ಅವನ ಹೆಸರನ್ನೇ ಇಡಬೇಕು. ಇದು ನನ್ನ ಷರತ್ತು.

ಅತ್ತೆ


೧೯ ಮಾರ್ಚ್

ಅತ್ತೆಯವರಿಗೆ ನಮಸ್ಕಾರ.

ತಪ್ಪು ನನ್ನದು. ಸಮುದ್ರದ ಹುಳಕ್ಕೆ ಸಿಹಿನೀರು ವಿಷ ಎಂದು ನಾನು ಬರೆಯಬೇಕಿತ್ತು. ನೀವು ಯಾವುದನ್ನೂ ತೊಳೆಯದೆ ಬಿಡುವವರಲ್ಲ ಎಂದು ನಿಮ್ಮ ಮನೆಗೆ ಬಂದ ಮೊದಲ ದಿನವೇ ನನಗೆ ಗೊತ್ತಾಗಿತ್ತು. ನನ್ನ ಪೆಟ್ಟಿಗೆಯ ಚಕ್ರಗಳನ್ನೂ ಒರೆಸಿ ಒಳಗೆ ತಂದಿದ್ದಿರಿ.

ಇನ್ನು ಮೇಲೆ ಕಳಿಸುವುದು ಬೇಡ. ಸಿಕ್ಕಿದರೆ ಸಮುದ್ರದ ನೀರಿನಲ್ಲಿ ಬಿಟ್ಟು ನನಗೆ ಒಂದು ಸಾಲು ಬರೆಯಿರಿ. ಸೂಕ್ಷ್ಮದರ್ಶಕ ಹೊತ್ತುಕೊಂಡು ನಾನೇ ಬರುತ್ತೇನೆ. ಒಂದು ದಿನದ ಕೆಲಸ.

ಷರತ್ತಿನ ವಿಷಯ. ಈ ಕಸುಬಿನಲ್ಲಿ ಒಂದು ನಡವಳಿಕೆ ಇದೆ. ಯಾರು ಹೊಸ ಜಾತಿಯನ್ನು ಬರೆದು ಲೋಕಕ್ಕೆ ತಿಳಿಸುತ್ತಾರೋ ಅವರು ಅದಕ್ಕೆ ತಮ್ಮ ಹೆಸರನ್ನೇ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ನಗುತ್ತಾರೆ. ಇದನ್ನು ಕಂಡುಹಿಡಿದವರು ನಿಮ್ಮ ಮಗ, ಮುಕ್ಕಾಲು ಕೆಲಸವೂ ಅವರದೇ. ಬರೆದವರ ಸಾಲಿನಲ್ಲಿ ಅವರ ಹೆಸರು ಮೊದಲು, ಆಮೇಲೆ ನನ್ನದು ಎಂದು ನಾನು ನಿರ್ಧರಿಸಿದ್ದೇನೆ. ಹುಳಕ್ಕೆ ಅವರ ಹೆಸರಿಟ್ಟರೆ ಆ ಸಾಲಿನಿಂದ ಅವರನ್ನು ತೆಗೆಯಬೇಕಾಗುತ್ತದೆ. ಮಾಡಿದವರಾಗಿ ಇರಬೇಕೋ, ಹೆಸರಾಗಿ ಇರಬೇಕೋ, ನೀವು ಹೇಳಿ. ನೀವು ಹೇಳಿದ ಹಾಗೆ ಮಾಡುತ್ತೇನೆ.

ಕೊಳವೆಗಳನ್ನು ನನ್ನ ಕಣ್ಣಿಗೆ ಸರಿಮಾಡಿಕೊಂಡೆ. ಮಾಡಿದ ಮೇಲೆ ಸ್ವಲ್ಪ ಹೊತ್ತು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ.

ನಿಮ್ಮ ಸೊಸೆ


೧೦ ಏಪ್ರಿಲ್

ಸೊಸೆಗೆ,

ಹುಳ ಇನ್ನೂ ಸಿಕ್ಕಿಲ್ಲ. ಈ ಕಂತಿನ ಹಗ್ಗಗಳಲ್ಲಿ ಏಡಿ, ಸೀಗಡಿ ಮರಿ, ಬೇಡದ್ದೆಲ್ಲ ಇದೆ.

ಹೆಸರಿನ ವಿಷಯ ಯೋಚಿಸಿದೆ. ಮೊದಲು ಸಿಟ್ಟು ಬಂತು. ಆಮೇಲೆ, ಮಾಡಿದವನಾಗಿಯೇ ಇರಲಿ ಅನಿಸಿತು. ಬೀದಿಗೆ, ಸೇತುವೆಗೆ ಯಾರ ಯಾರ ಹೆಸರೋ ಇರುತ್ತದೆ. ಅವರು ಏನು ಮಾಡಿದರು ಎಂದು ಯಾರಿಗೂ ಗೊತ್ತಿರುವುದಿಲ್ಲ. ನಿನ್ನ ಹೆಸರು ಅವನ ಪಕ್ಕದಲ್ಲಿ ಬರುತ್ತದೆ ಎಂಬುದನ್ನೂ ನೋಡಿದೆ. ಬರಲಿ.

ಹುಳಕ್ಕೆ ಅದರ ಬಣ್ಣ ಹಿಡಿದು ಏನಾದರೂ ಇಟ್ಟುಕೊಳ್ಳಿ. ನನ್ನ ಹೆಸರು ಇಡುತ್ತೇನೆ ಎಂದು ಹೊರಟೀಯ, ಜೋಕೆ. ಶೆಡ್ಡಿನಲ್ಲಿ ತಲೆಯೆತ್ತಿ ಓಡಾಡಬೇಕು ನಾನು.

ಹೆಂಗಸರು ನಾಲ್ಕು ಗಂಟೆಗೆ ಕೈಕಾಲು ತೊಳೆದು ಹೊರಡುತ್ತಾರೆ. ಆಮೇಲೆ ನೆಲಕ್ಕೆ ನೀರು ಬಿಟ್ಟು, ಬಾಗಿಲು ಹಾಕಿ, ಮೇಲಿನ ಮನೆಗೆ ಹತ್ತುತ್ತೇನೆ. ಮೇಲೆ ಹೋದ ಮೇಲೆ ಬೆಳಗಿನ ತನಕ ಮಾತಾಡುವ ಕೆಲಸವಿಲ್ಲ. ಕೆಲವು ದಿನ ಬೆಳಿಗ್ಗೆ ಮೊದಲ ಮಾತು ಆಡುವಾಗ ಗಂಟಲು ಕಟ್ಟಿರುತ್ತದೆ. ಗಂಟೆ ಅದನ್ನು ನೆಗಡಿ ಅಂದುಕೊಂಡು ಶುಂಠಿ ಜಗಿಯಿರಿ ಅನ್ನುತ್ತಾಳೆ. ಅವಳಿಗೆ ತಿಳಿದದ್ದು ಅಷ್ಟು.

ಒಂದು ದಿನದ ಕೆಲಸಕ್ಕೆ ಅಷ್ಟು ದೂರದಿಂದ ಬಂದು ಹೋಗುತ್ತೀಯಾ?

ಅತ್ತೆ


೨೭ ಏಪ್ರಿಲ್

ಅತ್ತೆಯವರಿಗೆ ನಮಸ್ಕಾರ.

ಒಂದು ಸುದ್ದಿಯಿದೆ. ಇನ್ನೊಬ್ಬರ ಬಾಯಿಂದ ನಿಮಗೆ ತಿಳಿಯಬಾರದು ಎಂದು ನಾನೇ ಬರೆಯುತ್ತಿದ್ದೇನೆ.

ನನಗೆ ಬೇರೆ ಕಡೆ ಕೆಲಸ ಸಿಕ್ಕಿದೆ. ಬಹಳ ದೂರ. ಹಡಗಿನಲ್ಲಾದರೆ ವಾರಗಟ್ಟಲೆ ಹಿಡಿಯುತ್ತದೆ, ವಿಮಾನದಲ್ಲೂ ಎರಡು ಕಡೆ ಇಳಿದು ಹತ್ತಬೇಕು. ತಣ್ಣನೆಯ ಸಮುದ್ರದ ಹುಳಗಳ ಕೆಲಸ, ಐದು ವರ್ಷದ ಕರಾರು. ಅಕ್ಟೋಬರಿನಲ್ಲಿ ಸೇರಿಕೊಳ್ಳಬಹುದು ಎಂದಿದ್ದಾರೆ. ಇಲ್ಲಿ ಈ ಮನೆಯಲ್ಲಿ ಎಲ್ಲ ಬಾಗಿಲೂ ನಿಮ್ಮ ಮಗನ ಎತ್ತರಕ್ಕೆ ತಕ್ಕಂತೆ ಇವೆ ಎಂದು ನನಗೆ ಅನಿಸತೊಡಗಿದೆ. ಬಾಗಿಲ ಹಿಂದಿನ ಮೊಳೆಯಲ್ಲಿ ಅವರ ಕೋಟು ಇನ್ನೂ ಇದೆ. ತೆಗೆಯಲೂ ಆಗುವುದಿಲ್ಲ, ದಿನಾ ನೋಡಲೂ ಆಗುವುದಿಲ್ಲ.

ನಮ್ಮ ಹುಳವನ್ನು ಮುಗಿಸದೆ ಹೋಗುವುದಿಲ್ಲ ಎಂದು ಕೆಲಸ ಕೊಟ್ಟವರಿಗೆ ಬರೆದಿದ್ದೇನೆ. ಅದು ಮುಗಿಯುವ ತನಕ ಕಾಯುತ್ತಾರಂತೆ. ಈ ಕಡೆಗೆ ನನ್ನನ್ನು ಕಟ್ಟಿಹಾಕಿರುವುದು ಈಗ ಅದೊಂದೇ.

ನಿಮ್ಮ ಸೊಸೆ


೧೨ ಮೇ

ಸೊಸೆಗೆ,

ಒಳ್ಳೆಯ ಸುದ್ದಿ. ಐದು ವರ್ಷ ಎಂದರೆ ಸಣ್ಣ ಕೆಲಸವಲ್ಲ. ಬೆಚ್ಚನೆಯ ಬಟ್ಟೆ ಹೊಲಿಸಿಕೋ.

ಹುಳ ಇನ್ನೂ ಸಿಕ್ಕಿಲ್ಲ.

ಒಂದು ವೇಳೆ ಸಿಕ್ಕಿದರೆ, ನೀನು ಬರುವ ತನಕ ಅದನ್ನು ಇಟ್ಟುಕೊಳ್ಳಬೇಕಲ್ಲ, ಅದಕ್ಕೆ ಕೇಳುತ್ತೇನೆ. ಅಲ್ಯೂಮಿನಿಯಮ್ ಬೋಗುಣಿ ಆಗುತ್ತದೋ, ಬಿಳಿ ಇನಾಮಲ್ ಬೋಗುಣಿಯೇ ಬೇಕೋ? ನೀರನ್ನು ದಿನಾ ಬದಲಾಯಿಸಬೇಕೋ? ಕಿಟಕಿಯ ಹತ್ತಿರ ಇಟ್ಟರೆ ಅದು ಮೂಲೆ ಸೇರಿ ಗಂಟು ಹಾಕಿಕೊಳ್ಳುತ್ತದಂತೆ, ಹೌದೋ? ಆ ಗಂಟನ್ನು ನಾವು ಬಿಡಿಸಬೇಕೋ, ತಾನೇ ಬಿಡಿಸಿಕೊಳ್ಳುತ್ತದೋ? ಏನು ತಿನ್ನುತ್ತದೆ?

ಸುಮ್ಮನೆ ತಿಳಿದಿರಲಿ ಎಂದು.

ಅತ್ತೆ


೨೫ ಮೇ

ಅತ್ತೆಯವರಿಗೆ ನಮಸ್ಕಾರ.

ಸಿಕ್ಕಿದರೆ ಇನಾಮಲ್ ಬೋಗುಣಿ ಒಳ್ಳೆಯದು. ತಳದಲ್ಲಿ ಒಂದೆರಡು ಖಾಲಿ ಚಿಪ್ಪು ಹಾಕಿ, ಅಡಗಿಕೊಳ್ಳಲು ಜಾಗ ಬೇಕು ಅದಕ್ಕೆ. ನೀರು ಎರಡು ದಿನಕ್ಕೊಮ್ಮೆ ಬದಲಾಯಿಸಿದರೆ ಸಾಕು. ಬೆಳಕು ಅದಕ್ಕೆ ಆಗುವುದಿಲ್ಲ, ಕಿಟಕಿ ಬೇಡ. ಗಂಟನ್ನು ಮುಟ್ಟಬೇಡಿ, ಬಿಡಿಸಿಕೊಳ್ಳುವುದು ಅದಕ್ಕೆ ಗೊತ್ತು. ಮೇಲೊಂದು ತಟ್ಟೆ ಮುಚ್ಚಿಡಿ. ಈ ಜಾತಿಯವು ಬೋಗುಣಿಯ ಅಂಚು ಹತ್ತಿ ಹೊರಗೆ ಹೋಗುವುದುಂಟು, ಹೋದರೆ ನೆಲದ ಮೇಲೆ ಒಣಗಿಬಿಡುತ್ತವೆ.

ತಿನ್ನುವುದು ಬೇರೆ ಹುಳಗಳನ್ನು. ಹಗ್ಗದಲ್ಲಿ ಮೈಯುದ್ದಕ್ಕೂ ಕಾಲಿರುವ ಚಿಕ್ಕ ಹುಳ ಸಿಗುತ್ತವಲ್ಲ, ಅವು. ತಿನ್ನುವುದನ್ನು ನೋಡಿದರೆ ಹೆದರಬೇಡಿ. ತಲೆಯ ತುದಿಯಿಂದ ಒಂದು ಬಿಳಿ ದಾರ ಚಿಮ್ಮಿ ಬೇಟೆಗೆ ಸುತ್ತಿಕೊಳ್ಳುತ್ತದೆ. ಗ್ಲೌಸಿನ ಒಳಗೆ ಮಡಚಿಹೋದ ಬೆರಳು ಊದಿದಾಗ ಹೊರಗೆ ಚಿಮ್ಮುವ ಹಾಗೆ. ನಿಮ್ಮ ಮಗ ಅದನ್ನು ಮೊದಲ ಸಲ ನನಗೆ ತೋರಿಸಿದ ದಿನವೇ ನನ್ನನ್ನು ಮದುವೆಗೆ ಕೇಳಿದ್ದು. ಇದು ನಿಮಗೆ ಗೊತ್ತಿರಲಿಕ್ಕಿಲ್ಲ.

ಹುಡುಕುತ್ತಿರಿ.

ನಿಮ್ಮ ಸೊಸೆ


೧೮ ಜೂನ್

ಸೊಸೆಗೆ,

ಗೊತ್ತಿರಲಿಲ್ಲ. ಅವನು ನನಗೆ ಹೇಳಿದ್ದು ನಿನ್ನನ್ನು ಯಾವುದೋ ಉಪನ್ಯಾಸದಲ್ಲಿ ಕಂಡೆ ಎಂದು. ಹುಳ ಹುಳವನ್ನು ನುಂಗುವುದನ್ನು ನೋಡಿ ಒಪ್ಪಿದ ಹೆಣ್ಣು ಎಂದು ತಿಳಿದಿದ್ದರೆ ನಾನು ಆಗ ಬೇಡ ಅನ್ನುತ್ತಿದ್ದೆನೋ ಏನೋ. ಅವನಿಗೆ ತಾಯಿ ಯಾರೆಂದು ಚೆನ್ನಾಗಿ ಗೊತ್ತಿತ್ತು.

ಹುಳ ಇನ್ನೂ ಸಿಕ್ಕಿಲ್ಲ.

ಸಿಕ್ಕಿದರೆ, ನೀನು ಹೇಳಿದ ಕಾಲಿನ ಹುಳ ಹಾಕಿದರೂ ಅದು ತಿನ್ನದೆ ಹೋದರೆ? ಬಿಡಿಸಿ, ಚಿಕ್ಕದು ಮಾಡಿ, ಬಾಯಿಯ ಹತ್ತಿರ ಇಟ್ಟರೂ ಮುಖ ತಿರುಗಿಸಿದರೆ? ಮೊದಲು ಮೊಳದುದ್ದ ಇದ್ದದ್ದು ದಿನಾ ಗಿಡ್ಡವಾಗುತ್ತ ಬರುವುದುಂಟೋ? ಗಂಟೆಯ ಕಣ್ಣಿಗೆ ಏನೂ ತಪ್ಪುವುದಿಲ್ಲ. ಮೊನ್ನೆ ಮೇಲಿನ ಮನೆಗೆ ಕೀಲಿಕೈ ಕೇಳಲು ಬಂದವಳು, "ಅಮ್ಮಾವ್ರು ಯಾರ ಜೊತೆನೋ ಮಾತಾಡ್ತಿದ್ರಿ, ನಂಟರು ಬಂದಿದಾರಾ?" ಎಂದು ಅಡುಗೆಮನೆಯ ಒಳಗೆ ಕತ್ತು ಹಾಕಿದಳು. "ರೇಡಿಯೋ" ಅಂದೆ. "ರೇಡಿಯೋ ಕೆಟ್ಟು ವರ್ಷ ಆಯ್ತಲ್ಲಾ" ಅಂದಳು. "ನಾಳೆಯಿಂದ ಅರ್ಧ ಗಂಟೆ ಮುಂಚೆ ಬಾ" ಅಂದೆ.

ಬೆನ್ನಿನ ಬಿಳಿ ಗೆರೆ ಬಾಲದ ತನಕ ಹೋಗಬೇಕು ಎಂದೇನಾದರೂ ನಿಯಮವಿದೆಯೋ, ಬಾಲಕ್ಕೆ ಸ್ವಲ್ಪ ಮೊದಲೇ ನಿಂತರೂ ನಡೆಯುತ್ತದೋ? ಕೇಳಿದೆ, ಅಷ್ಟೇ.

ಮಂಡಿ ಹಾಗೇ ಇದೆ.

ಅತ್ತೆ


೨ ಜುಲೈ

ಅತ್ತೆಯವರಿಗೆ ನಮಸ್ಕಾರ.

ಗೆರೆಗೆ ನಿಯಮವಿಲ್ಲ. ಇದ್ದ ಹಾಗೆ ಬರೆಯುವುದು ನಮ್ಮ ಕೆಲಸ.

ಕೊಟ್ಟದ್ದನ್ನು ತಿನ್ನದಿರುವುದುಂಟು. ಕೆಲವು ಹುಳಗಳು ಒಂದೇ ಒಂದು ಬಗೆಯ ಬೇಟೆಯನ್ನು ಮಾತ್ರ ಮುಟ್ಟುತ್ತವೆ. ಇದರದು ಯಾವುದೆಂದು ಯಾರಿಗೂ ಗೊತ್ತಿಲ್ಲ. ಹಸಿವಾದಾಗ ಅದು ತನ್ನ ಮೈಯನ್ನೇ ಒಳಗಿನಿಂದ ಬಳಸಿಕೊಳ್ಳುತ್ತದೆ. ಗಿಡ್ಡವಾಗುತ್ತದೆ, ಸಣ್ಣಗಾಗುತ್ತದೆ, ಬಣ್ಣ ತೆಳುವಾಗುತ್ತದೆ. ಆದರೆ ಬೇಗ ಸಾಯುವುದಿಲ್ಲ. ಹಾಗೇ ತಿಂಗಳುಗಟ್ಟಲೆ ಇರಬಲ್ಲದು. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇದೆ ಅನಿಸುತ್ತದೆ.

ಕೋಟನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ಮೊಳೆ ಖಾಲಿಯಾಗಿ ಕಾಣುತ್ತಿತ್ತು ಎಂದು ನನ್ನ ಚೀಲ ನೇತುಹಾಕಿದೆ.

ನೀ‌ವು ರೇಡಿಯೋ ರಿಪೇರಿ ಮಾಡಿಸಿಕೊಳ್ಳಿ.

ನಿಮ್ಮ ಸೊಸೆ


೨೮ ಜುಲೈ

ಸೊಸೆಗೆ,

ಹುಳ ಸಿಕ್ಕಿಲ್ಲ. ಇನ್ನು ಹುಡುಕಿಸುವುದೂ ಇಲ್ಲ. ಹಗ್ಗಗಳ ಕೆಲಸ ಹೆಚ್ಚಿದೆ, ಹೆಂಗಸರಿಗೆ ಕೈ ಬಿಡುವಿಲ್ಲ. ನೀನು ಹೊರಡುವುದಿದ್ದರೆ ಹೊರಡು. ನನಗಾಗಿ ಯಾರೂ ಕಾಯುವುದು ಬೇಡ.

ಅತ್ತೆ


೩೦ ಜುಲೈ

ಅತ್ತೆಯವರಿಗೆ ನಮಸ್ಕಾರ.

ನನ್ನ ಹಿಂದಿನ ಕಾಗದಕ್ಕೆ ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಕಾಯದೆ ಬರೆಯುತ್ತಿದ್ದೇನೆ, ಭೂತಗನ್ನಡಿಯವರು ಅವಸರ ಮಾಡುತ್ತಿದ್ದಾರೆ. ಆಗಸ್ಟ್ ಮುಗಿಯುವುದರೊಳಗೆ ಬರಹ ಅವರ ಕೈಗೆ ಹೋಗಬೇಕು. ಸೆಪ್ಟೆಂಬರಿನಲ್ಲಿ ಅವರು ನಿವೃತ್ತರಾಗುತ್ತಾರೆ, ಆಮೇಲೆ ಬರುವವರಿಗೆ ಹುಳಗಳ ಮೇಲೆ ಆಸಕ್ತಿಯಿಲ್ಲ.

ಅದಕ್ಕೆ ಈಗ ನೇರವಾಗಿ ಹೇಳುತ್ತೇನೆ. ನಿಮಗೆ ಹುಳ ಸಿಕ್ಕಿದೆ ಎಂದು ನನಗೆ ಮೇ ತಿಂಗಳಿಂದ ಗೊತ್ತು. ಇಲ್ಲದ ಹುಳ ಕಿಟಕಿಯ ಹತ್ತಿರ ಗಂಟು ಹಾಕಿಕೊಳ್ಳುವುದಿಲ್ಲ, ಅತ್ತೆ.

ಸಿಟ್ಟಾಗಬೇಡಿ. ನಾನು ಆಗಲೇ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಒಂದು ದಿನದ ಕೆಲಸ ಎಂದು ನಾನೇ ಬರೆದಿದ್ದೆ. ಆ ಒಂದು ದಿನ ಮುಗಿದರೆ ಆಮೇಲೆ ನಿಮಗೆ ಏನೆಂದು ಕಾಗದ ಬರೆಯಲಿ ಎಂದು ನನಗೆ ಹೊಳೆಯಲಿಲ್ಲ. ನಮ್ಮಿಬ್ಬರ ನಡುವೆ ಅವರು ಇದ್ದರು, ಅವರು ಹೋದ ಮೇಲೆ ಹುಳ ಇತ್ತು. ಅದಕ್ಕೇ ನೀವು ಕೇಳಿದ್ದಕ್ಕೆ ಉತ್ತರ ಬರೆಯುತ್ತ ಹೋದೆ. ಬೋಗುಣಿ ಎಲ್ಲಿಟ್ಟಿರಬಹುದು, ತಟ್ಟೆ ಯಾವುದು ಮುಚ್ಚಿರಬಹುದು ಎಂದು ಊಹಿಸುತ್ತಿದ್ದೆ. ಹೂವಿನ ಅಂಚಿನದು, ಅಲ್ಲವೇ?

ಹದಿನಾಲ್ಕನೆಯ ತಾರೀಕು ಬೆಳಗಿನ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ಸೂಕ್ಷ್ಮದರ್ಶಕ ತರುತ್ತೇನೆ. ಎಷ್ಟೇ ಗಿಡ್ಡವಾಗಿರಲಿ, ಜೀವವಿದ್ದರೆ ಸಾಕು.

ನಿಮ್ಮ ಸೊಸೆ


೫ ಆಗಸ್ಟ್

ಸೊಸೆಗೆ,

ನಿನ್ನ ಕಾಗದ, ನನ್ನ ಕಾಗದ ಎರಡೂ ದಾರಿಯಲ್ಲಿ ಒಂದನ್ನೊಂದು ದಾಟಿ ಹೋದವು. ನನ್ನದು ಈಗ ನಿನ್ನ ಕೈ ಸೇರಿರುತ್ತದೆ. ಸಿಕ್ಕಿಲ್ಲ ಎಂದು ನಾನು ಇಷ್ಟು ದಿನ ಬರೆದದ್ದು ಸುಳ್ಳು. ಕೊನೆಯ ಸಲ ಬರೆದಾಗ ಮಾತ್ರ ಬೋಗುಣಿ ನಿಜವಾಗಿ ಖಾಲಿಯಿತ್ತು.

ಜುಲೈ ಇಪ್ಪತ್ತೇಳಕ್ಕೆ ಅದನ್ನು ಸಮುದ್ರಕ್ಕೆ ಬಿಟ್ಟೆ. ಅಷ್ಟು ಹೊತ್ತಿಗೆ ನನ್ನ ಕಿರುಬೆರಳಿನಷ್ಟು ಆಗಿತ್ತು. ಬೆಳಿಗ್ಗೆ ತಟ್ಟೆ ತೆಗೆದರೆ ಮೊದಲೆಲ್ಲ ಚಿಪ್ಪಿನೊಳಗೆ ಸರಿದುಹೋಗುತ್ತಿತ್ತು. ಆವತ್ತು ಸರಿಯಲಿಲ್ಲ, ಇದ್ದಲ್ಲೇ ಇತ್ತು. ನಿನಗೆ ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು. ಕಾಗದ ತೆಗೆದುಕೊಂಡು ಕೂತೂ ಇದ್ದೆ. ಸಿಕ್ಕಿದೆ ಎಂದು ಬರೆದರೆ ಯಾವಾಗ ಸಿಕ್ಕಿತು ಎಂದು ಕೇಳುತ್ತೀ. ಎರಡೂವರೆ ತಿಂಗಳು ಸುಳ್ಳು ಹೇಳಿದವಳು ಎಂದು ಸೊಸೆಯ ಮುಂದೆ ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ. ಅದಕ್ಕಿಂತ ಬೋಗುಣಿ ಎತ್ತಿಕೊಂಡು ಕೆಳಗಿಳಿಯುವುದು ಸುಲಭವಾಗಿ ಕಂಡಿತು. ತೆಪ್ಪದ ತುದಿಯಲ್ಲಿ ಮಂಡಿಯೂರಿ ಬಗ್ಗಿಸಿದೆ. ನೀರಿನಲ್ಲಿ ಒಂದು ಗಳಿಗೆಯೂ ಕಾಣಲಿಲ್ಲ.

ನೀನು ಮೇ ತಿಂಗಳಿಂದ ಎಲ್ಲ ತಿಳಿದೂ ತಿಳಿಯದವಳ ಹಾಗೆ ಬರೆಯುತ್ತಿದ್ದೀ ಎಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಬಿಡುತ್ತಿರಲಿಲ್ಲ. ಇಬ್ಬರೂ ಒಂದೇ ಬೋಗುಣಿ ಕಾಯುತ್ತಿದ್ದೆವು, ಒಬ್ಬರಿಗೊಬ್ಬರು ಹೇಳಲಿಲ್ಲ.

ಭೂತಗನ್ನಡಿಯವರಿಗೆ ನನ್ನ ಹೆಸರು ಹೇಳು. ಅತ್ತೆ ಹಾಳುಮಾಡಿದಳು ಎಂದು ಹೇಳು, ಅದು ನಿಜ. ನಾನು ಕಣ್ಣಾರೆ ಕಂಡದ್ದು ನಿಮ್ಮ ಕೆಲಸಕ್ಕೆ ಸಾಕ್ಷಿಯಾಗುವುದಿಲ್ಲ ಎಂದು ಬಲ್ಲೆ. ಅವನ ಹೆಸರು ಯಾವ ಸಾಲಿನಲ್ಲೂ ಬರದೆ ಹೋದರೆ ಅದು ನನ್ನಿಂದ. ನಾನೇ ಹೊರುತ್ತೇನೆ, ನೀನು ಅದನ್ನು ಬೇರೆ ದೇಶಕ್ಕೆ ಹೊತ್ತುಕೊಂಡು ಹೋಗಬೇಡ.

ಈಗ ಟಿಕೆಟ್ಟಿನ ವಿಷಯ. ಹಗ್ಗಗಳಲ್ಲಿ ಹುಡುಕಿದರೆ ಇನ್ನೊಂದು ಸಿಕ್ಕೀತು, ಬಾ ಎಂದು ಬರೆಯಲು ಕೈ ಹೋಯಿತು. ಅರ್ಧ ಬರೆದು ಹೊಡೆದುಹಾಕಿದ್ದೇನೆ, ಮೇಲೆ ನೋಡಿದರೆ ಕಾಣುತ್ತದೆ. ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಸಿಗುತ್ತದೆ ಎಂದು ಹೇಳಿ ನಿನ್ನನ್ನು ಕರೆಸಿಕೊಳ್ಳುವುದಿಲ್ಲ.

ಇಷ್ಟು ವಯಸ್ಸಾಯಿತು, ನಾನು ಯಾರನ್ನೂ ಹೀಗೆ ಕರೆದವಳಲ್ಲ. ಕೆಲಸವಿದ್ದರೆ ಬಾ ಅಂದಿದ್ದೇನೆ, ತಪ್ಪಿದ್ದರೆ ಬಾ ಅಂದಿದ್ದೇನೆ. ನಿನಗೆ ಇಲ್ಲಿ ಕೆಲಸವಿಲ್ಲ. ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಮೇಲಿನ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ.

ಟಿಕೆಟ್ ವಾಪಸು ಮಾಡಬೇಡ. ಬಾ.

ಅತ್ತೆ